ಸೊಲ್ಲಾಪುರದ ಡಾಕ್ಟರು, ಪರದೇಶದ ಸೈನ್ಯ: ದ್ವಾರಕಾನಾಥ ಕೋಟ್ಣೀಸ್

ಖಂಡೇರಾಜುರಿ: ನಮ್ಮ ಮಿರಜ ತಾಲೂಕಿನ ಪೂರ್ವ ಭಾಗದ ರಸ್ತೆಗಳಲ್ಲಿ ಬೆಳಗಿನ ಐದು ಗಂಟೆಗೆ ಹೊರಟರೆ ಓಡುವ ಹುಡುಗರು ಎದುರಾಗುತ್ತಾರೆ. ಫೌಜಿನ ಭರತಿ ಅಂದರೆ ಇಲ್ಲಿ ಇವತ್ತಿಗೂ ಹಬ್ಬ. ರೆಗ್ಯುಲರ್ ಸೈನ್ಯದ ವಯಸ್ಸು ದಾಟಿದವರು ಟೆರಿಟೋರಿಯಲ್ ಆರ್ಮಿ ಕಡೆ ನೋಡುತ್ತಾರೆ. ಕೊಲ್ಲಾಪುರದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ 109ನೇ ಟಿ.ಎ. ಬಟಾಲಿಯನ್ ಇದೆ, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ 115ನೇದು ಇದೆ. ಎರಡೂ ನಮಗೆ ದೂರವಲ್ಲ.

ಈ ಟಿ.ಎ. ಲೆಕ್ಕಾಚಾರವೇ ಬೇರೆ. ಇದು 1949ರ ಅಕ್ಟೋಬರ್ 9ರಂದು ಉದ್ಘಾಟನೆಯಾಯಿತು. ಮೊದಲು ನಿನಗೊಂದು ಉದ್ಯೋಗ ಇರಲಿ, ಆಮೇಲೆ ವರ್ಷಕ್ಕೆ ಕೆಲವು ದಿನ ತರಬೇತಿಗೆ ಬಾ, ದೇಶಕ್ಕೆ ಬೇಕಾದಾಗ ಕರೆಯುತ್ತೇವೆ ಎಂಬುದು ಅದರ ಮೂಲ ವಿಚಾರ. ರೈಲ್ವೆ ನೌಕರರದೇ ರೈಲ್ವೆ ಇಂಜಿನಿಯರ್ ದಳ, ತೈಲ ಕಂಪನಿಯ ನೌಕರರದೇ ತೈಲ ದಳ, ಡಾಕ್ಟರು ಮತ್ತು ನರ್ಸುಗಳದೇ ಜನರಲ್ ಹಾಸ್ಪಿಟಲ್ ದಳ. ಇಂಜಿನ್ ಓಡಿಸುವವನ ಕೈಗೆ ಯುದ್ಧದಲ್ಲೂ ಇಂಜಿನ್ನೇ ಕೊಡಬೇಕು, ಬರೀ ಬಂದೂಕು ಕೊಟ್ಟು ಕೂಡಿಸಬಾರದು ಎಂಬ ತರ್ಕ. ಕೇಳಲು ಸರಳ, ಮಾಡಲು ಕಷ್ಟ. ನಮ್ಮ ಹುಡುಗರೂ ಕೇಳುವುದು ಇದನ್ನೇ. ಐ.ಟಿ.ಐ. ಮಾಡಿದ್ದೇನೆ, ಅದು ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಕಂಪೌಂಡರ್ ಕೆಲಸ ಗೊತ್ತು, ಅದಕ್ಕೆ ಬೆಲೆ ಇದೆಯೇ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ನೆರೆಯ ಸೊಲ್ಲಾಪುರದ ಒಬ್ಬ ಡಾಕ್ಟರು. ಅವರು ಟಿ.ಎ. ಹುಟ್ಟುವ ಮೊದಲೇ ತೀರಿಕೊಂಡರು. ಭಾರತದ ಸೈನ್ಯದ ಸಮವಸ್ತ್ರ ಎಂದೂ ತೊಡಲಿಲ್ಲ. ಆದರೆ ಊರಿನ ವಿದ್ಯೆ ರಣರಂಗದ ವಿದ್ಯೆಯಾಗಬೇಕಾದರೆ ಒಬ್ಬ ಮನುಷ್ಯ ಏನೇನು ಕಲಿಯಬೇಕು, ಏನೇನು ಬಿಡಬೇಕು ಎಂಬುದಕ್ಕೆ ಅವರಷ್ಟು ಸ್ಪಷ್ಟ ಉದಾಹರಣೆ ನನಗಂತೂ ಬೇರೆ ಗೊತ್ತಿಲ್ಲ.

ದ್ವಾರಕಾನಾಥ ಶಾಂತಾರಾಮ ಕೋಟ್ಣೀಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಮಧ್ಯಮ ವರ್ಗದ ದೊಡ್ಡ ಸಂಸಾರ, ಮನೆ ತುಂಬ ಅಕ್ಕತಂಗಿಯರು, ಅಣ್ಣತಮ್ಮಂದಿರು. ಮನೆಮಾತು ಮರಾಠಿ. ಆದರೆ ಸೊಲ್ಲಾಪುರ ಎಂದರೆ ನಮಗೆ ಗೊತ್ತೇ ಇದೆ. ಗಿರಣಿಯ ಭೋಂಗಾ ಒಂದೇ ಆದರೂ ಅದಕ್ಕೆ ಎದ್ದು ಹೋಗುವವರು ಮರಾಠಿ, ಕನ್ನಡ, ತೆಲುಗು ಮಾತಾಡುವ ಮಂದಿ. ಒಂದು ಓಣಿ ದಾಟಿದರೆ ಭಾಷೆ ಬದಲು. ಇಂಥ ಊರಿನಲ್ಲಿ ಬೆಳೆದವನಿಗೆ ಇನ್ನೊಂದು ಭಾಷೆ ಎಂದರೆ ಹೆದರಿಕೆ ಇರುವುದಿಲ್ಲ. ಇದು ನನ್ನ ಊಹೆ, ಆದರೆ ಮುಂದಿನ ಕಥೆ ಓದಿದ ಮೇಲೆ ನೀವೂ ಒಪ್ಪಬಹುದು.

ಅವರಿಗೆ ಹತ್ತೊಂಬತ್ತು ತುಂಬಿದ್ದಾಗ, 1930ರ ಮೇ ತಿಂಗಳಲ್ಲಿ, ಊರಲ್ಲಿ ದೊಡ್ಡ ದಂಗೆಯೇ ನಡೆಯಿತು. ಗಾಂಧೀಜಿ ಬಂಧನದ ಸುದ್ದಿಗೆ ಜನ ಬೀದಿಗಿಳಿದರು, ಸರ್ಕಾರ ಮಾರ್ಷಲ್ ಲಾ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಕಿಸನ್ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರು ಓದಿದರೆ ಸಾಕು, ಸೊಲ್ಲಾಪುರ ಎಂಥ ಊರು ಎಂದು ತಿಳಿಯುತ್ತದೆ. ಅಂಥ ಊರಿನ ಹುಡುಗ ಮುಂಬೈಗೆ ಹೋಗಿ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಕಲಿತ.

ಈ ಕಾಲೇಜಿನ ವಿಷಯ ಒಂದೆರಡು ಮಾತು ಹೇಳಲೇಬೇಕು. ಆ ಕಾಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮೇಲಿನ ಹುದ್ದೆಗಳು, ಜಿಲ್ಲೆಯ ಸಿವಿಲ್ ಸರ್ಜನ್ ಹುದ್ದೆಗಳು ಹೆಚ್ಚಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್, ಅಂದರೆ ಐ.ಎಂ.ಎಸ್. ಅಧಿಕಾರಿಗಳ ಕೈಯಲ್ಲಿದ್ದವು. ಐ.ಎಂ.ಎಸ್. ಮೂಲತಃ ಸೈನ್ಯದ ಸೇವೆ. ಶಾಂತಿಯ ಕಾಲದಲ್ಲಿ ಅದರ ಡಾಕ್ಟರುಗಳನ್ನು ಜಿಲ್ಲಾ ಆಸ್ಪತ್ರೆ, ಜೈಲು, ಕಾಲೇಜುಗಳಿಗೆ ಕಡ ಕೊಡುತ್ತಿದ್ದರು, ಯುದ್ಧ ಬಂದ ಕೂಡಲೆ ವಾಪಸು ಕರೆಸುತ್ತಿದ್ದರು. ಜಿಲ್ಲೆಯ ಡಾಕ್ಟರೇ ಸೈನ್ಯದ ಮೀಸಲು. 1914ರ ಮಹಾಯುದ್ಧದಲ್ಲಿ ಹೀಗೆ ಬಹಳ ಮಂದಿ ಜಿಲ್ಲೆಗಳಿಂದ ಎದ್ದು ಹೋದರು, ಅವರ ಜಾಗದಲ್ಲಿ ಖಾಸಗಿ ಡಾಕ್ಟರುಗಳಿಗೆ ತಾತ್ಕಾಲಿಕ ಕಮಿಷನ್ ಕೊಟ್ಟರು. ವ್ಯವಸ್ಥೆ ಜಾಣತನದ್ದೇ. ಆದರೆ ಅದರಲ್ಲಿ ಬಹುಕಾಲ ಮೇಲಿನ ಸ್ಥಾನ ಗೋರೆಯವರಿಗೆ. ಇದಕ್ಕೆ ಉತ್ತರವಾಗಿಯೇ ಮುಂಬೈಯ ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆ ಮತ್ತು ಜಿ.ಎಸ್. ಕಾಲೇಜು 1926ರಲ್ಲಿ ಶುರುವಾದದ್ದು. ಕಲಿಸುವವರೆಲ್ಲ ಭಾರತೀಯರೇ ಇರಬೇಕು ಎಂಬುದು ಅಲ್ಲಿಯ ಹಟ. ಕೋಟ್ಣೀಸ್ ತಯಾರಾದದ್ದು ಇಂಥ ಜಾಗದಲ್ಲಿ. 1938ರಲ್ಲಿ ಅವರು ಮುಂದಿನ ಶಿಕ್ಷಣಕ್ಕೆ ಸಿದ್ಧತೆ ಮಾಡುತ್ತಿದ್ದರು.

ಅಷ್ಟರಲ್ಲಿ ಚೀನಾದ ಕರೆ ಬಂತು. 1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧ ಹೂಡಿತ್ತು. ಎಂಟನೇ ಮಾರ್ಗ ಸೈನ್ಯದ ದಂಡನಾಯಕ ಝು ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರು, ಔಷಧ, ಸಲಕರಣೆ ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ದೇಶಕ್ಕೆಲ್ಲ ಮನವಿ ಮಾಡಿದರು. 22,000 ರೂಪಾಯಿ ನಿಧಿ ಕೂಡಿತು. ಒಂದು ಆಂಬುಲೆನ್ಸ್ ಸಿದ್ಧವಾಯಿತು.

ಐದು ಮಂದಿಯ ತಂಡ. ಮುಖ್ಯಸ್ಥ ಅಲಹಾಬಾದಿನ ಡಾ. ಮದನ ಅಟಲ್, ಅವರು ಆಗಷ್ಟೇ ಸ್ಪೇನಿನ ಅಂತರ್ಯುದ್ಧದಲ್ಲಿ ಕೆಲಸ ಮಾಡಿ ಬಂದವರು. ನಾಗಪುರದ ಡಾ. ಚೋಲಕರ್ ಎಲ್ಲರಿಗಿಂತ ಹಿರಿಯರು. ಕಲ್ಕತ್ತೆಯ ಡಾ. ಬಿಜಯ್ ಬಸು ಮತ್ತು ಡಾ. ದೇಬೇಶ್ ಮುಖರ್ಜಿ ತರುಣರು. ಐದನೆಯವರು ನಮ್ಮ ಕೋಟ್ಣೀಸ್. ಯುದ್ಧ ಕಂಡವರು ಒಬ್ಬರೇ, ಉಳಿದವರೆಲ್ಲ ಊರಿನ ಆಸ್ಪತ್ರೆಯ ಡಾಕ್ಟರುಗಳು. 1938ರ ಸೆಪ್ಟೆಂಬರ್ 1ರಂದು ಮುಂಬೈಯಿಂದ ರಾಜಪುತಾನಾ ಹಡಗು ಹೊರಟಾಗ ಕೋಟ್ಣೀಸರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಒಂದು ವರ್ಷದ ಮಾತು. ಹೋಗಿ ಬರುವುದು, ಆಮೇಲೆ ಓದು ಮುಂದುವರಿಸುವುದು.

ಕ್ಯಾಂಟನ್‌ನಲ್ಲಿ ಸುನ್ ಯಾತ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್ ಲಿಂಗ್ ತಂಡವನ್ನು ಸ್ವಾಗತಿಸಿದರು. ಅಲ್ಲಿಂದ ಹಾಂಕೌ. ಅಕ್ಟೋಬರಿನಲ್ಲಿ ಹಾಂಕೌ ಸೇರಿದ ವುಹಾನ್ ನಗರವೇ ಜಪಾನೀಯರ ವಶವಾಯಿತು. ತಂಡ ಯಿಚಾಂಗ್ ದಾಟಿ ಚುಂಗ್‌ಕಿಂಗ್ ಸೇರಿತು. ಅಲ್ಲಿ ಶಾಂತಿನಿಕೇತನದ ಚೀನಾ ಭವನದ ಪ್ರೊ. ತಾನ್ ಯುನ್ ಶಾನ್ ಐವರಿಗೂ ಚೀನೀ ಹೆಸರು ಇಟ್ಟರು. ಪ್ರತಿ ಹೆಸರಿನ ಕೊನೆಗೂ ಚೀನಾ ಎಂಬರ್ಥದ ಹುವಾ. ಕೋಟ್ಣೀಸ್ ಆದರು ಕೆ ದಿಹುವಾ. ಚೀನಾದಲ್ಲಿ ಇವತ್ತಿಗೂ ಅವರ ಹೆಸರು ಅದೇ.

ಚುಂಗ್‌ಕಿಂಗ್‌ನಲ್ಲಿದ್ದಾಗಲೇ ಸೊಲ್ಲಾಪುರದಿಂದ ಸುದ್ದಿ ಬಂತು, ತಂದೆ ತೀರಿಕೊಂಡರೆಂದು. ವಾಪಸು ಹೋಗು ಎಂದು ಜೊತೆಗಾರರು ಹೇಳಿದರು. ಹೋಗಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ದೊಡ್ಡ ಮನೆ, ತಾಯಿ, ತಂಗಿಯರು, ಕಲಿತ ಮಗ. ನಮ್ಮ ಹಳ್ಳಿಗಳಲ್ಲಿ ಇಂಥ ಹೊತ್ತಿಗೆ ಮಗ ಬಾರದಿದ್ದರೆ ಜನ ಏನೆನ್ನುತ್ತಾರೆ ಎಂಬುದು ಹೇಳಬೇಕಿಲ್ಲ. ಅವರು ಬರಲಿಲ್ಲ. ಒಪ್ಪಿಕೊಂಡ ಕೆಲಸ ಇನ್ನೂ ಶುರುವೇ ಆಗಿಲ್ಲ ಎಂಬುದು ಅವರ ನಿಲುವು. ಇದು ಸರಿಯೇ ತಪ್ಪೇ ಎಂದು ಹೇಳಲು ನಾನು ಯಾರು? ಆದರೆ ಅವರ ಬದುಕಿನ ದೊಡ್ಡ ತಿರುವು ಇದೇ. ರಣರಂಗದ ತಿರುವುಗಳೆಲ್ಲ ಆಮೇಲಿನವು.

1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ತಲುಪಿತು. ಗುಡ್ಡದಲ್ಲಿ ಕೊರೆದ ಗುಹೆಗಳ ಊರು. ಮಾವೊ ತ್ಸೆ ತುಂಗ್ ಬಂದು ಕಂಡರು. ವಾಸ, ಆಸ್ಪತ್ರೆ, ಶಾಲೆ ಎಲ್ಲ ಗುಹೆಯಲ್ಲಿ. ಇಲ್ಲಿ ಕೋಟ್ಣೀಸ್ ಎರಡು ಕೆಲಸ ಮಾಡಿದರು. ಒಂದು ಶಸ್ತ್ರಚಿಕಿತ್ಸೆ, ಇನ್ನೊಂದು ಭಾಷೆ. ರೋಗಿಯ ನೋವು ಎಲ್ಲಿ ಎಂದು ದುಭಾಷಿಯ ಮೂಲಕ ಕೇಳುತ್ತ ಕೂತರೆ ಯುದ್ಧದಲ್ಲಿ ನಡೆಯದು. ಮುಂದೆ ಅವರು ಚೀನೀ ಭಾಷೆಯಲ್ಲೇ ಪಾಠ ಹೇಳುವಷ್ಟು, ಬರೆಯುವಷ್ಟು ಹಿಡಿತ ಸಾಧಿಸಿದರು.

ಆ ವರ್ಷವೇ ಚೋಲಕರ್ ಮತ್ತು ಮುಖರ್ಜಿ ಭಾರತಕ್ಕೆ ಮರಳಿದರು. ಒಬ್ಬರಿಗೆ ವಯಸ್ಸು, ಇನ್ನೊಬ್ಬರಿಗೆ ಕಾಯಿಲೆ. ಉಳಿದ ಮೂವರು ವರ್ಷದ ಕೊನೆಗೆ ಯುದ್ಧಭೂಮಿಯ ಕಡೆ ಹೊರಟರು. 1940ರಲ್ಲಿ ಅಟಲ್ ಕೂಡ ಅನಾರೋಗ್ಯದಿಂದ ವಾಪಸಾದರು. ಕೋಟ್ಣೀಸ್ ಮತ್ತು ಬಸು ಜಪಾನೀ ಠಾಣೆಗಳ ನಡುವೆ ನುಸುಳಿ ಶಾನ್ಸಿ ಮತ್ತು ಹೆಬೇ ಪ್ರಾಂತಗಳ ಗುಡ್ಡಗಾಡಿನ ಗೆರಿಲ್ಲಾ ಪ್ರದೇಶ ಸೇರಿದರು.

ಅಲ್ಲಿ ಅವರಿಗಿಂತ ಮೊದಲು ಒಬ್ಬ ದೊಡ್ಡ ಡಾಕ್ಟರು ಕೆಲಸ ಮಾಡಿ ಸತ್ತಿದ್ದರು. ಕೆನಡಾದ ನಾರ್ಮನ್ ಬೆಥೂನ್. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದವರು, ಸ್ಪೇನಿನ ಯುದ್ಧದಲ್ಲಿ ಗಾಡಿಯ ಮೇಲೆ ರಕ್ತ ಒಯ್ದು ಗಾಯಾಳುವಿಗೆ ಕೊಡುವ ವ್ಯವಸ್ಥೆ ಮಾಡಿದವರು. ಚೀನಾದಲ್ಲಿ ಆಪರೇಷನ್ ಮಾಡುವಾಗ ಬೆರಳಿಗೆ ಗಾಯವಾಗಿ ನಂಜೇರಿ 1939ರ ನವೆಂಬರ್ 12ರಂದು ತೀರಿಕೊಂಡರು.

ಬೆಥೂನ್ ಬಿಟ್ಟುಹೋದ ಪದ್ಧತಿಯನ್ನು ನಮ್ಮ ರೈತರು ಕೇಳಿದರೆ ಮೆಚ್ಚುತ್ತಾರೆ. ಗಾಯಾಳು ಡಾಕ್ಟರ ಕಡೆ ಬರುವತನಕ ಕಾಯಬಾರದು, ಡಾಕ್ಟರೇ ಗಾಯಾಳು ಕಡೆ ಹೋಗಬೇಕು ಎಂಬುದು ಮೊದಲ ಸೂತ್ರ. ಗುಂಡು ತಗುಲಿ ಕೆಲವೇ ತಾಸಿನೊಳಗೆ ಗಾಯ ಶುದ್ಧ ಮಾಡಿದರೆ ಕಾಲು ಉಳಿಯುತ್ತದೆ. ಎರಡು ಮೂರು ದಿನ ಡೋಲಿಯಲ್ಲಿ ಹೊತ್ತು ತಂದರೆ ಕಾಲು ಹೋಗುತ್ತದೆ, ಬಹಳ ಸಲ ಜೀವವೂ ಹೋಗುತ್ತದೆ. ಆದರೆ ಗುಡ್ಡದ ಕಾಲುದಾರಿಯಲ್ಲಿ ಆಪರೇಷನ್ ಥಿಯೇಟರ್ ಒಯ್ಯುವುದು ಹೇಗೆ? ಅಲ್ಲಿಯ ರೈತರು ಕತ್ತೆಯ ಬೆನ್ನಿನ ಎರಡೂ ಬದಿಗೆ ಬುಟ್ಟಿ ಕಟ್ಟಿ ಹೊಲಕ್ಕೆ ಗೊಬ್ಬರ ಸಾಗಿಸುತ್ತಿದ್ದರು. ಬೆಥೂನ್ ಅದನ್ನೇ ನೋಡಿ ಮರದ ಚೌಕಟ್ಟು ಮಾಡಿಸಿದರು. ಒಂದು ಪ್ರಾಣಿಯ ಬೆನ್ನ ಮೇಲೆ ಚೂರಿ, ಕತ್ತರಿ, ಪಟ್ಟಿ, ಔಷಧ ಎಲ್ಲ ಖಾನೆ ಖಾನೆಯಾಗಿ ಕೂರುತ್ತವೆ. ಇಳಿಸಿ ಮೇಲೆ ಬಾಗಿಲ ಹಲಗೆ ಹಾಸಿದರೆ ಟೇಬಲ್. ನೂರು ಆಪರೇಷನ್ನಿಗೆ ಸಾಲುವಷ್ಟು ಸಾಮಾನು ಹಿಡಿಸುತ್ತಿತ್ತಂತೆ. ಕಮ್ಮಾರ ಸಲಕರಣೆ ಮಾಡಿದ, ಬಡಿಗ ಮುರಿದ ಎಲುಬಿಗೆ ಕಟ್ಟುವ ಹಲಗೆ ಮಾಡಿದ, ಹಳ್ಳಿಯ ಹೆಂಗಸರು ರಕ್ತದ ಪಟ್ಟಿಗಳನ್ನು ಕುದಿಸಿ ಒಗೆದು ಮತ್ತೆ ಮತ್ತೆ ಉಪಯೋಗಕ್ಕೆ ಕೊಟ್ಟರು. ಪ್ರತಿಯೊಬ್ಬರೂ ಮಾಡಿದ್ದು ತಮಗೆ ಗೊತ್ತಿದ್ದ ಕೆಲಸವೇ. ಅದಕ್ಕೊಂದು ಜಾಗ ತೋರಿಸಿದವನು ಡಾಕ್ಟರು.

ಪರೇಲಿನ ವಾರ್ಡಿನಿಂದ ಬಂದ ಕೋಟ್ಣೀಸರಿಗೆ ಇದೆಲ್ಲ ಹೊಸತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಇದೆ, ಅರಿವಳಿಕೆ ಇದೆ, ಪಕ್ಕದಲ್ಲಿ ಹಿರಿಯರಿದ್ದಾರೆ. ಇಲ್ಲಿ ಜಪಾನೀ ದಿಗ್ಬಂಧನ, ಔಷಧಕ್ಕೆ ಬರ. ಒಬ್ಬನೇ ರೋಗಿಗೆ ಒಂದು ತಾಸು ಕೊಡುವ ಡಾಕ್ಟರು ಒಳ್ಳೆಯವನು ಎಂದು ಊರಿನಲ್ಲಿ ಹೆಸರು ಬರುತ್ತದೆ. ಇಲ್ಲಿ ಅದೇ ತಾಸಿನಲ್ಲಿ ಮೂವರು ಸಾಯಬಹುದು. ಯಾರನ್ನು ಮೊದಲು ಟೇಬಲ್ ಮೇಲೆ ಮಲಗಿಸಬೇಕು ಎಂಬ ತೀರ್ಮಾನ ಯಾವ ಪುಸ್ತಕದಿಂದಲೂ ಪೂರ್ತಿ ಬರುವುದಿಲ್ಲ.

1940ರ ಆಗಸ್ಟಿನಿಂದ ಡಿಸೆಂಬರ್‌ವರೆಗೆ ಎಂಟನೇ ಮಾರ್ಗ ಸೈನ್ಯ ಜಪಾನೀಯರ ರೈಲು, ರಸ್ತೆ, ಠಾಣೆಗಳ ಮೇಲೆ ದೊಡ್ಡ ದಾಳಿ ನಡೆಸಿತು. ಇತಿಹಾಸದಲ್ಲಿ ಅದಕ್ಕೆ ನೂರು ರೆಜಿಮೆಂಟುಗಳ ದಾಳಿ ಎಂದು ಹೆಸರು. ಬಸು ಒಂದು ಕಡೆ, ಕೋಟ್ಣೀಸ್ ಇನ್ನೊಂದು ಕಡೆ ತಂಡ ಕಟ್ಟಿಕೊಂಡು ಹೋದರು. ಹದಿಮೂರು ದಿನಗಳ ಒಂದು ಕಾಳಗದಲ್ಲಿ ಕೋಟ್ಣೀಸರ ಬಳಿ 800ಕ್ಕೂ ಹೆಚ್ಚು ಗಾಯಾಳುಗಳು ಬಂದರು, ಅದರಲ್ಲಿ 558 ಮಂದಿಗೆ ಆಪರೇಷನ್ ಆಯಿತು ಎಂದು ಚೀನೀ ಬರಹಗಳು ಲೆಕ್ಕ ಕೊಡುತ್ತವೆ. ಒಮ್ಮೆ 72 ತಾಸು ನಿದ್ದೆ ಇಲ್ಲದೆ ನಿಂತರಂತೆ. ಮಿರಜದಂಥ ಆಸ್ಪತ್ರೆಗಳ ಊರಿನ ಪಕ್ಕದಲ್ಲಿರುವ ನಾವು ಈ ಅಂಕಿಯನ್ನು ಒಂದು ಕ್ಷಣ ನಿಂತು ಓದಬೇಕು. ದಿನಕ್ಕೆ ನಲವತ್ತಕ್ಕೂ ಮಿಕ್ಕಿ ಆಪರೇಷನ್, ಗುಡಿಸಲಿನಲ್ಲಿ, ಫಿರಂಗಿ ಸದ್ದಿನ ನಡುವೆ.

ಬಸು ಅವರನ್ನು ಯೆನಾನ್‌ಗೆ ಕರೆಸಿಕೊಂಡರು. ಈ ಗುಡ್ಡಗಾಡಿನಲ್ಲಿ ಉಳಿದ ಭಾರತೀಯ ಡಾಕ್ಟರು ಕೋಟ್ಣೀಸ್ ಒಬ್ಬರೇ. 1941ರ ಜನವರಿಯಲ್ಲಿ ಅವರನ್ನು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಹೆಬೇ ಪ್ರಾಂತದ ತಾಂಗ್ ಜಿಲ್ಲೆಯ ಗೆಗೊಂಗ್ ಎಂಬ ಹಳ್ಳಿ. ಆಸ್ಪತ್ರೆ ಎಂದರೆ ಕಟ್ಟಡ ಎಂದುಕೊಳ್ಳಬೇಡಿ. ರೋಗಿಗಳು ರೈತರ ಮನೆಗಳಲ್ಲಿ ಹಂಚಿಹೋಗಿರುತ್ತಿದ್ದರು. ಜಪಾನೀ ಸೈನ್ಯ ಊರು ಗುಡಿಸುತ್ತ ಬಂದರೆ ರೋಗಿಗಳನ್ನು ಹೊತ್ತು ಗುಡ್ಡ ಹತ್ತುವುದು, ಹೋದ ಮೇಲೆ ಇಳಿಯುವುದು.

ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಆಪರೇಷನ್ನುಗಳಲ್ಲ, ಪಾಠ. ಆಸ್ಪತ್ರೆಗೆ ಹೊಂದಿಕೊಂಡೇ ಬೆಥೂನ್ ಹೆಸರಿನ ವೈದ್ಯಕೀಯ ಶಾಲೆ ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಡಾಕ್ಟರು ಹುಟ್ಟಲು ಏಳೆಂಟು ವರ್ಷ ಬೇಕು, ಯುದ್ಧಕ್ಕೆ ಅಷ್ಟು ಪುರಸೊತ್ತಿಲ್ಲ. ಆದ್ದರಿಂದ ಯಾರಿಗೆ ಏನು ಬರುತ್ತದೆ ಎಂದು ನೋಡಿ ಅಷ್ಟನ್ನೇ ಗಟ್ಟಿಯಾಗಿ ಕಲಿಸುವುದು. ಅವರಿಗಾಗಿ ಕೋಟ್ಣೀಸ್ ಚೀನೀ ಭಾಷೆಯಲ್ಲಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯಲು ಕುಳಿತರು. ಸೊಲ್ಲಾಪುರದ ಮನುಷ್ಯ, ಎರಡೇ ವರ್ಷದ ಹಿಂದೆ ಅಕ್ಷರ ಕಲಿತವರು.

1941ರ ಕೊನೆಯಲ್ಲಿ ಅಲ್ಲಿಯ ನರ್ಸಿಂಗ್ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರೊಂದಿಗೆ ಮದುವೆಯಾಯಿತು. 1942ರ ಜುಲೈಯಲ್ಲಿ ಚೀನೀ ಕಮ್ಯುನಿಸ್ಟ್ ಪಕ್ಷ ಸೇರಿದರು. ಇದನ್ನು ಮುಚ್ಚಿಟ್ಟು ಕಥೆ ಹೇಳುವವರಿದ್ದಾರೆ, ಇದನ್ನೇ ಹಿಡಿದು ಹೇಳುವವರೂ ಇದ್ದಾರೆ. ನಡೆದದ್ದು ನಡೆದಂತೆ ಹೇಳುವುದು ಒಳ್ಳೆಯದು. ಆಗಸ್ಟ್ 23ರಂದು ಮಗ ಹುಟ್ಟಿದ. ಆ ಪ್ರದೇಶದ ದಂಡನಾಯಕ ನಿಯೆ ರೊಂಗ್‌ಝೆನ್ ಸೂಚಿಸಿದ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಅಷ್ಟರಲ್ಲಿ ಅವರ ದೇಹ ಸೋತಿತ್ತು. ಮೂರ್ಛೆರೋಗ ಕಾಣಿಸಿಕೊಂಡಿತ್ತು. ಬೇರೆ ಕಡೆ ಹೋಗಿ ಚಿಕಿತ್ಸೆ ಪಡೆಯಿರಿ ಎಂದು ಮೇಲಿನವರು ಒತ್ತಾಯಿಸಿದರೂ ಒಪ್ಪಲಿಲ್ಲ. ಮತ್ತೆ ಅದೇ ಹಟ, ಚುಂಗ್‌ಕಿಂಗ್‌ನದು. ಡಾಕ್ಟರಾಗಿ ತನ್ನ ರೋಗಿಗೆ ಖಂಡಿತ ಬೇಡ ಎನ್ನುತ್ತಿದ್ದುದನ್ನು ತನಗೆ ತಾನೇ ಮಾಡಿಕೊಂಡರು ಎಂದು ನನಗೆ ಅನ್ನಿಸುತ್ತದೆ. ಅವರ ಜಾಗಕ್ಕೆ ಇನ್ನೊಬ್ಬ ಸರ್ಜನ್ ಸುಲಭವಾಗಿ ಸಿಗುವಂತಿರಲಿಲ್ಲ ಎಂಬುದೂ ಖರೆ. ಡಿಸೆಂಬರ್ 8ರ ರಾತ್ರಿ ಪಠ್ಯ ಬರೆಯುತ್ತಿದ್ದಾಗ ಮೂರ್ಛೆ ಬಂತು. ಮತ್ತೆ ಮತ್ತೆ ಬಂತು. 1942ರ ಡಿಸೆಂಬರ್ 9ರ ನಸುಕಿನಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೆರಡು. ಮಗುವಿಗೆ ಮೂರೂವರೆ ತಿಂಗಳು. ಪುಸ್ತಕ ಅರ್ಧಕ್ಕೆ ನಿಂತಿತು.

ಬಸು 1943ರಲ್ಲಿ ಕಲ್ಕತ್ತೆಗೆ ಮರಳಿದರು. ಮುಂದೆ ಚೀನಾದ ಸೂಜಿ ಚಿಕಿತ್ಸೆಯನ್ನು ಭಾರತಕ್ಕೆ ಪರಿಚಯಿಸಿದವರಲ್ಲಿ ಅವರೇ ಮುಂಚೂಣಿಯವರು. ಖ್ವಾಜಾ ಅಹ್ಮದ್ ಅಬ್ಬಾಸ್ ಈ ಕಥೆಯನ್ನು ಪುಸ್ತಕ ಮಾಡಿದರು. ಅದರಿಂದ ನಮ್ಮ ಕೊಲ್ಲಾಪುರದ ವಿ. ಶಾಂತಾರಾಮ್ 1946ರಲ್ಲಿ ಡಾ. ಕೋಟ್ಣೀಸ್ ಕೀ ಅಮರ್ ಕಹಾನಿ ಚಿತ್ರ ತೆಗೆದರು, ಕೋಟ್ಣೀಸರ ಪಾತ್ರವನ್ನೂ ಅವರೇ ಮಾಡಿದರು. ನಾನು ಕಂಡದ್ದು ದೂರದರ್ಶನದಲ್ಲಿ, ಇಡೀ ಓಣಿಗೆ ಒಂದೇ ಟಿ.ವಿ. ಇದ್ದ ಕಾಲಕ್ಕೆ.

1962ರಲ್ಲಿ ಅದೇ ಚೀನಾದೊಂದಿಗೆ ಯುದ್ಧವಾಯಿತು. ಟೆರಿಟೋರಿಯಲ್ ಆರ್ಮಿಯ ದಳಗಳನ್ನೂ ಕರೆಸಲಾಯಿತು, ಅಂಗಡಿ ಮತ್ತು ಕಚೇರಿ ಬಿಟ್ಟು ಬಂದವರು ಸಮವಸ್ತ್ರ ಹಾಕಿದರು. ಆಮೇಲೆ 2020ರ ಜೂನ್‌ನಲ್ಲಿ ಗಲ್ವಾನ್. ನಮ್ಮ ಹಳ್ಳಿಗಳ ಹುಡುಗರು ಲಡಾಖದಲ್ಲಿ ಕಾವಲು ನಿಂತಿರುವಾಗ ಚೀನೀ ಸೈನ್ಯಕ್ಕೆ ದುಡಿದ ಡಾಕ್ಟರ ಕಥೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. 1938ರಲ್ಲಿ ಅವರನ್ನು ಕಳಿಸಿದ್ದು ಸುಭಾಷಬಾಬು ಅಧ್ಯಕ್ಷರಾಗಿದ್ದ ಕಾಂಗ್ರೆಸ್, ಆಗ ದೇಶದ ಮನಸ್ಸು ಇದ್ದದ್ದು ಹಾಗೆ. ಟೇಬಲ್ ಮೇಲೆ ಮಲಗಿದ ಗಾಯಾಳುವಿಗೆ ಇಪ್ಪತ್ತು ವರ್ಷದ ಮುಂದಿನ ಗಡಿ ಜಗಳ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಅವರ ಅವಶೇಷಗಳನ್ನು 1953ರಲ್ಲಿ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನಕ್ಕೆ ತಂದರು, ಬೆಥೂನ್ ಸಮಾಧಿಯೂ ಅಲ್ಲೇ ಇದೆ. ಆ ನಗರದಲ್ಲಿ ಅವರ ಹೆಸರಿನ ವೈದ್ಯಕೀಯ ಶಾಲೆಯೊಂದಿದೆ, ಹೊಸ ವಿದ್ಯಾರ್ಥಿಗಳು ಅವರ ಪ್ರತಿಮೆಯ ಮುಂದೆ ಪ್ರತಿಜ್ಞೆ ಮಾಡುತ್ತಾರೆ. ಮಗ ಯಿನ್‌ಹುವಾ ತಂದೆಯ ದಾರಿಯಲ್ಲೇ ವೈದ್ಯಕೀಯ ಓದುತ್ತಿದ್ದ. 1967ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ತೀರಿಕೊಂಡ. ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. ಅವರು ನಿಧನರಾದದ್ದು 2012ರ ಜೂನ್‌ನಲ್ಲಿ.

ಅದೇ 2012ರಲ್ಲಿ ಸೊಲ್ಲಾಪುರದ ಭೈಯ್ಯಾ ಚೌಕದ ಬಳಿಯ ಕೋಟ್ಣೀಸರ ಮನೆ ಸ್ಮಾರಕವಾಗಿ ತೆರೆಯಿತು. ಪಂಢರಪುರಕ್ಕೆ ಹೋಗುವವರು, ಸಿದ್ಧೇಶ್ವರನ ಜಾತ್ರೆಗೆ ಹೋಗುವವರು ನಮ್ಮಲ್ಲಿ ಬಹಳ. ಮಿರಜದಿಂದ ಸಾಂಗೋಲೆ, ಮಂಗಳವೇಢೆ ದಾರಿ ಹಿಡಿದರೆ ನೇರ ಸೊಲ್ಲಾಪುರ. ಹೋದಾಗ ಒಂದು ತಾಸು ಇಟ್ಟುಕೊಂಡು ಆ ಮನೆ ನೋಡಿ ಬರಬಹುದು. ಕನ್ನಡದಲ್ಲಿ ದಾರಿ ಕೇಳಿದರೂ ಹೇಳುತ್ತಾರೆ.